ಬೇರೆಯವರ ಖಾತೆಯ ಮೆಸೇಜು

ಭಾಲ್ಕಿಯ ಶಶಿಕಲಾ ಬ್ಲೌಜ್ ಹೊಲಿದು ಬದುಕುವವಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ದುಡಿದು ಬ್ಯಾಂಕಿನಲ್ಲಿ ಒಂದಿಷ್ಟು ಕೂಡಿಟ್ಟಿದ್ದಳು. ಒಂದು ಸಂಜೆ, 'ನಿಮ್ಮ ಖಾತೆಯಿಂದ ಬೀದರ ಎಟಿಎಂನಲ್ಲಿ ಹಣ ತೆಗೆಯಲಾಗಿದೆ' ಎಂದು ಫೋನಿಗೆ ಮೆಸೇಜು ಬಂತು. ಅವಳ ಹತ್ತಿರ ಎಟಿಎಂ ಕಾರ್ಡೇ ಇರಲಿಲ್ಲ.

ಮರುದಿನ ಬಾಗಿಲು ತೆರೆಯುವ ಮೊದಲೇ ಬ್ಯಾಂಕಿನ ಮೆಟ್ಟಿಲ ಮೇಲೆ ನಿಂತಿದ್ದಳು. ಕೌಂಟರಿನ ಪ್ರವೀಣಕುಮಾರ ಕಂಪ್ಯೂಟರ್ ನೋಡಿ ಹೇಳಿದ:

"ನಿಮ್ಮ ರೊಕ್ಕ ಹಂಗೇ ಅದಾವ್ರಿ ಅಕ್ಕಾರ. ಬ್ಯಾರೇ ಯಾರದೋ ಖಾತೆಕ್ಕ ನಿಮ್ಮ ನಂಬರ್ ಕೂಡ್ಯಾದ. ನಮ್ಮದೇ ತಪ್ಪ್ರಿ."

"ಹಂಗಾರ ತಗೀರಿ ಅದನ್ನ."

"ಆ ಖಾತೆದಾರರೇ ಬಂದು ಸಹಿ ಮಾಡಬೇಕ್ರಿ."

"ಫೋನ್ ಹಚ್ಚಿ ಕರೀರಿ ಮತ್ತ."

"ಹ್ಯಾಂಗ ಹಚ್ಚೋದ್ರಿ? ಅವರದು ಅಂತ ಇಲ್ಲಿರೋದು ನಿಮ್ಮ ನಂಬರೇ."

ಮೆಸೇಜುಗಳು ನಿಲ್ಲಲಿಲ್ಲ. ದಿನಾ ಸಂಜೆ ಅದೇ ಬೀದರ, ಅದೇ ಎಟಿಎಂ. ಶಶಿಕಲಾಗೆ ಹೊಲಿಗೆ ಮಷೀನಿನ ಮುಂದೆ ಕೂಡಲಾಗದು, ಅಡುಗೆಮನೆಯಲ್ಲಿ ನಿಲ್ಲಲಾಗದು. ಯಾರದೋ ಕಾರ್ಡು ಕಳುವಾಗಿದೆ, ಅವರಿಗೆ ಗೊತ್ತೇ ಇಲ್ಲ, ಗೊತ್ತಿರುವುದು ತನಗೊಬ್ಬಳಿಗೇ ಎಂದು ಅನ್ನಿಸಿ ಮತ್ತೆ ಬ್ಯಾಂಕಿಗೆ ಓಡಿದಳು. ಈ ಸಲ ಮ್ಯಾನೇಜರ ಮುಂದೆ ಕೂತು ಹಟ ಹಿಡಿದಳು. ಅವರಿಗೂ ಸಂಶಯ ಬಂದು ಆ ಕಾರ್ಡು ಬಂದ್ ಮಾಡಿಸಿದರು. ಅಂದು ಶಶಿಕಲಾ ಹೊಟ್ಟೆತುಂಬ ಉಂಡಳು.

ಎರಡು ದಿನಕ್ಕೆ ಪ್ರವೀಣಕುಮಾರ ಫೋನ್ ಮಾಡಿದ. "ಖಾತೆದಾರರು ಬಂದಾರ್ರಿ. ನಂಬರ್ ತಗೀಲಾಕ ಒಟಿಪಿ ನಿಮಗೇ ಬರ್ತದ, ಲಗೂ ಬರ್ರಿ."

ಕೌಂಟರಿನ ಹತ್ತಿರ ಬಿಳಿಗಡ್ಡದ ಮುದುಕ ನಿಂತಿದ್ದ. ಠಾಣಾ ಕುಶನೂರದಲ್ಲಿ ಪಂಕ್ಚರ್ ಅಂಗಡಿ ಇಟ್ಟ ಖಾಜಾ ಮಿಯಾ.

"ನನ್ನ ಕಾರ್ಡ್ ಬಂದ್ ಮಾಡ್ಸಿದಾಕಿ ನೀನೇ ಏನ? ನನ್ನ ಹೆಂಡ್ತಿ ಬೀದರ ದವಾಖಾನಿದಾಗ ಬಿದ್ದಾಳ. ದವಾಯಿಗಿ ಅಂತ ಹೋದ್ರ ಮಷೀನ್ ರೊಕ್ಕ ಕೊಡವಲ್ದು. ಆಪರೇಶನ್ ಮುಂದ ಹಾಕ್ಯಾರ!"

"ಕಳ್ಳರು ತಗೀಲತ್ತಾರ ಅನ್ಕೊಂಡೆ, ಚಾಚಾ."

"ನನ್ನ ರೊಕ್ಕ ನಾ ತಕ್ಕೊಂಡ್ರ ಕಳ್ಳ ಆದ್ನೇನು, ಬೇಟಿ?"

ಶಶಿಕಲಾ ಫೋನಿಗೆ ಬಂದ ಒಟಿಪಿ ತೋರಿಸಿದಳು. ನಂಬರ್ ಬದಲಾಯಿತು, ಕಾರ್ಡು ಚಾಲೂ ಆಯಿತು, ಮ್ಯಾನೇಜರು ಇಬ್ಬರಿಗೂ ಕೈಮುಗಿದರು. ಖಾಜಾ ಮಿಯಾ ತಿರುಗಿಯೂ ನೋಡದೆ ಬಸ್‌ಸ್ಟ್ಯಾಂಡಿನ ಕಡೆ ಓಡಿದ.

ಮೆಸೇಜುಗಳು ನಿಂತವು. ಆದರೆ ಈಗ ಏನೂ ಬಾರದೇ ಇರುವುದೇ ಅವಳನ್ನು ಹೆಚ್ಚು ಕಾಡಿತು. ಆಪರೇಶನ್ ಆಯಿತೋ ಇಲ್ಲವೋ? ಆ ಹೆಂಗಸಿಗೆ ಏನಾದರೂ ಆಗಿದ್ದರೆ? ಬ್ಲೌಜಿನ ಒಂದು ತೋಳನ್ನು ಉಲ್ಟಾ ಹಚ್ಚಿ, ಬಿಚ್ಚಿ, ಮತ್ತೆ ಉಲ್ಟಾನೇ ಹಚ್ಚಿದಳು. ಕೊನೆಗೆ ಹೊಲಿಗೆ ಬಿಟ್ಟು ಬೀದರ ಬಸ್ಸು ಹತ್ತಿದಳು.

ದವಾಖಾನೆಯಲ್ಲಿ ವಾರ್ಡಿನಿಂದ ವಾರ್ಡಿಗೆ ಅಲೆದ ಮೇಲೆ ಖಾಜಾ ಮಿಯಾ ಕಂಡ. ಹಾಸಿಗೆಯ ಮೇಲೆ ಅವನ ಹೆಂಡತಿ ಅಕ್ತರಬೀ ಮಲಗಿದ್ದಳು. ಹಿಂದಿನ ದಿನವೇ ಆಪರೇಶನ್ ಆಗಿತ್ತು.

"ಇಕಿನೇ ನೋಡು," ಅಂದ ಖಾಜಾ ಮಿಯಾ.

ಅಕ್ತರಬೀ ಕಣ್ಣು ತೆರೆದು ಶಶಿಕಲಾಳನ್ನು ನೋಡಿದಳು. "ಸುಮ್ನೇ ನೋವು ತಿನ್ಸಿದಿ ನನಗ."

ಶಶಿಕಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಳಬ್ಯಾಡ, ಕೂಡು. ಇವರು ಮುಂಜಾನಿಂದ ಚಾ ಸೈತ ಕುಡದಿಲ್ಲ. ಹೋಗಿ ಬರ್ಲಿ."

ಖಾಜಾ ಮಿಯಾ ಹೊರಟ. ಶಶಿಕಲಾ ಸ್ಟೂಲಿನ ತುದಿಗೆ ಕೂತಳು. ಸಲೈನು ಹನಿಹನಿಯಾಗಿ ಇಳಿಯುತ್ತಿತ್ತು. ಭಾಲ್ಕಿಯ ಬಸ್ಸು ತಪ್ಪಿದರೆ ತಪ್ಪಲಿ ಎಂದುಕೊಂಡಳು.