ಕನ್ನಡಿಯಲ್ಲಿ ಹಣೆ ಮಾತ್ರ

ನಮ್ಮ ಚಿಕ್ಕಪ್ಪನ ಕ್ಷೌರದಂಗಡಿಯಲ್ಲಿ ಕುರ್ಚಿಯ ಮೇಲೆ ಕೂತರೆ ಕನ್ನಡಿಯಲ್ಲಿ ಕಾಣುವುದು ಹಣೆ ಮಾತ್ರ. ಮೂಗು, ಬಾಯಿ ಬೇಕೆಂದರೆ ಕೊಕ್ಕರೆಯಂತೆ ಕತ್ತು ಎತ್ತಬೇಕು. ಎತ್ತಿದರೆ "ತಲೆ ಬಗ್ಸು" ಎಂಬ ಗದರಿಕೆ. ಪಾರ್ಸೆಲ್ ಆಫೀಸಿನಲ್ಲಿ ದಿನವಿಡೀ ಡಬ್ಬಗಳಿಗೆ ಚೀಟಿ ಅಂಟಿಸುವ ನನಗೆ ಈ ಪುಕ್ಕಟೆ ಕ್ಷೌರವೇ ದೊಡ್ಡ ಭತ್ಯೆ. ಹಾಗಾಗಿ ತಲೆ ಎತ್ತಿ ಏನನ್ನೂ ಕೇಳಿದವನಲ್ಲ.

ಚಿಕ್ಕಪ್ಪನ ಬಲಭುಜ ಕೆಟ್ಟದ್ದು ಲಸಿಕೆ ಶಿಬಿರದಲ್ಲಿ. ಸೂಜಿ ತೋಳಿನ ಮಾಂಸಕ್ಕೆ ಹೋಗುವ ಬದಲು ಮೇಲೆ, ಕೀಲಿನ ಸಂದಿಗೇ ಇಳಿದಿದೆ ಎಂದರು ಡಾಕ್ಟರು. ಅಂದಿನಿಂದ ಕೈ ಎದೆಮಟ್ಟ ದಾಟದು. ಅವನು ಪರಿಹಾರ ಮಂಡಳಿಗೆ ಅರ್ಜಿ ಹಾಕಿದ. ಮಂಜೂರಾದರೆ ಆಪರೇಷನ್, ಇಲ್ಲವಾದರೆ ಇಂದಲ್ಲ ನಾಳೆ ಅಂಗಡಿಗೆ ಬೀಗ.

ಆದರೆ ಅದೇ ಚಿಕ್ಕಪ್ಪ ಬೆಳಿಗ್ಗೆಯಿಂದ ಸಂಜೆವರೆಗೆ ಕಚಕಚ ಕತ್ತರಿ ಆಡಿಸುತ್ತಲೇ ಇದ್ದ! ನೋವು ನಿಜವೋ ನಾಟಕವೋ ಎಂಬ ಸಂಶಯ ಮೊದಲು ಬಂದದ್ದು ಬೀದಿಯವರಿಗಲ್ಲ, ನನಗೆ. ಬೇಕೆಂದೇ ಅವನ ಒದ್ದೆ ಟವೆಲ್ಲನ್ನು ಎತ್ತರದ ಮೊಳೆಗೆ ಸಿಕ್ಕಿಸಿ ಓರೆಗಣ್ಣಲ್ಲಿ ಕಾದೆ. ಅವನು ಎಡಗೈಯಲ್ಲಿ ಎಳೆದುಕೊಂಡು, "ಉದ್ದ ಬೆಳೆದಿದೀಯ, ಗೊತ್ತಾಯ್ತು" ಎಂದು ನನ್ನ ಮುಖಕ್ಕೇ ಎಸೆದ. ಪತ್ತೇದಾರಿಕೆ ಒದ್ದೆಯಾಯಿತು.

ಆಮೇಲೆ ಒಬ್ಬ ಬೋಳುತಲೆಯವನು ಬರತೊಡಗಿದ. ಕಿವಿಯ ಪಕ್ಕ ಬಿಟ್ಟರೆ ಎಲ್ಲೂ ಕೂದಲಿಲ್ಲ. ವಾರ ತಪ್ಪದೆ ಕಟಿಂಗಿಗೆ ಹಾಜರು. ಜೊತೆಗೆ ಬಂದವನು ಬೆಂಚಿನಲ್ಲಿ ಕೂತು, ಮೊಬೈಲನ್ನು ಕಿವಿಗಿಡದೆ ಎದೆಗಿಟ್ಟುಕೊಂಡು ಮಾತಾಡುತ್ತಿದ್ದ.

"ಚಿಕ್ಕಪ್ಪ, ಆ ಬೋಳ ಗೂಢಚಾರ ಅನ್ಸುತ್ತೆ."

"ಆ ತಲೇಲಿ ಗೂಢ ಎಲ್ಲಿದ್ಯೋ? ಎಲ್ಲಾ ಬಟಾಬಯಲು!"

ವಿಚಾರಣೆಯ ದಿನ ಶಿಬಿರದವರ ವಕೀಲ ವಿಡಿಯೋ ಹಾಕಿಸಿದ. ಬೋಳನ ತಲೆಯ ಸುತ್ತ ಚಿಕ್ಕಪ್ಪನ ಬಲಗೈ ನೊಣದಂತೆ ಸುತ್ತುತ್ತಿತ್ತು.

"ಕೈ ಮೇಲೇಳಲ್ಲ ಅಂದ್ರಿ. ಇದು ಯಾರ ಕೈ?"

ಚಿಕ್ಕಪ್ಪ ನೆಲ ನೋಡಿದ. ಚಿಕ್ಕಮ್ಮ ನನ್ನನ್ನು ನೋಡಿದಳು. ನಾನು ಬಾಗಿಲು ನೋಡಿದೆ.

ಮಂಡಳಿಯ ಅಧಿಕಾರಿ, ವಕೀಲನ ಕಡೆಯಿಂದ ಸಾಕ್ಷಿಗೆ ಬಂದಿದ್ದ ಬೋಳನನ್ನು ಕೇಳಿದರು: "ಅಂಗಡೀಲಿ ವಿಚಿತ್ರ ಏನಾದ್ರೂ ಕಂಡಿತಾ?"

"ಏನಿಲ್ಲ ಮೇಡಂ. ಕನ್ನಡೀಲಿ ಮುಖ ಕಾಣಲ್ಲ, ಅಷ್ಟೆ. ಕುರ್ಚಿ ತೀರಾ ತಗ್ಗು. ಕೂತ್ರೆ ಮಂಡಿ ಗದ್ದಕ್ಕೆ ಬರುತ್ತೆ."

ಅಧಿಕಾರಿ ವಿಡಿಯೋ ಮತ್ತೆ ಹಾಕಿಸಿದರು. ಮೊದಲ ಸಲ ಎಲ್ಲರೂ ಕೈ ನೋಡಿದ್ದೆವು. ಈ ಸಲ ಕುರ್ಚಿ ನೋಡಿದೆವು. ಬೋಳನ ನೆತ್ತಿ ಚಿಕ್ಕಪ್ಪನ ಹೊಟ್ಟೆಯ ಮಟ್ಟದಲ್ಲಿತ್ತು. ಕತ್ತರಿ ಹಿಡಿದ ಕೈಯ ಮೊಣಕೈ ಪಕ್ಕೆ ಬಿಟ್ಟು ಕದಲಲೇ ಇಲ್ಲ.

"ಕುರ್ಚಿ ಕಾಲು ನಾನೇ ಕೊಯ್ದೆ ಮೇಡಂ," ಎಂದ ಚಿಕ್ಕಪ್ಪ.

"ಗೆದ್ದಲು ತಿಂತು ಅಂದಿದ್ರಿ!" ಚಿಕ್ಕಮ್ಮ ಎದ್ದೇ ನಿಂತಳು.

"ಮತ್ತಿನ್ನೇನು ಅನ್ನಲೇ? ಕೈ ಸರಿಯಿಲ್ಲದವನ ಕತ್ತಿಗೆ ಯಾರು ಗಂಟಲು ಕೊಡ್ತಾರೆ?"

ಮಂಡಳಿಯ ಮುಂದೆ ಕೈ ಹೋಯಿತೆಂಬ ಅರ್ಜಿ, ಗಿರಾಕಿಗಳ ಮುಂದೆ ಕೈ ಗಟ್ಟಿಯಿದೆಯೆಂಬ ವೇಷ. ನಾಟಕವಂತೂ ಇತ್ತು; ನಾನೆಂಬ ಪತ್ತೇದಾರ ಮಹಾಶಯ ಮೂಸಿದ್ದು ತಪ್ಪು ಕಡೆ.

ಅರ್ಜಿ ಮಂಜೂರಾಯಿತು. ಇಷ್ಟು ಸಲೀಸಾಗಿ ಹೇಗಾಯಿತೆಂಬ ಅನುಮಾನದಿಂದ ಆದೇಶವನ್ನು ಬೆಳಕಿಗೆ ಹಿಡಿದು ಮೊಹರು ಪರೀಕ್ಷಿಸಿದೆ.

ಆಸ್ಪತ್ರೆಗೆ ಸೇರುವ ಮುಂಚೆ ಚಿಕ್ಕಪ್ಪ, "ಆ ಕನ್ನಡಿ ಕೆಳಗಿಳಿಸೋ. ನನ್ನ ಕೈಗೆ ಎಟುಕ್ತಿರ್ಲಿಲ್ಲ, ನಿನಗೆ ಹೇಳಿದ್ರೆ ಗುಟ್ಟು ಊರ ತುಂಬಾ," ಎಂದ.

ಇಳಿಸಿ, ಕುರ್ಚಿಯಲ್ಲಿ ಕೂತೆ. ಬಹಳ ಕಾಲದ ಮೇಲೆ ಅಲ್ಲಿ ನನ್ನ ಇಡೀ ಮುಖ ಕಂಡಿತು. ಬಲಗಿವಿಯ ಪಕ್ಕ ಕೂದಲು ಗಿಡ್ಡ, ಎಡಗಿವಿಯ ಪಕ್ಕ ಉದ್ದ. ಇಷ್ಟು ದಿನ ಮನೆಯ ಕನ್ನಡಿಯೇ ಓರೆ ಎಂದುಕೊಂಡಿದ್ದೆ.

"ಚಿಕ್ಕಪ್ಪ, ಇದು ಯಾವಾಗಿಂದ ಹೀಗಿದೆ?"

"ತಲೆ ಬಗ್ಸು," ಎಂದ.