ರಾಚವ್ವನ ಕಾಲ ಮೇಲಿನ ಊಟ

ಮುರಗೋಡದ ನಮ್ಮ ಓಣಿಯಲ್ಲಿ ಉಣ್ಣಲೊಲ್ಲದ ಕೂಸು ಎಂಬುದು ಇರಲಿಲ್ಲ. ರಾಚವ್ವ ಇರಗೊಡುತ್ತಿರಲಿಲ್ಲ. ಯಾರ ಮನೆಯಲ್ಲಾದರೂ ಮಗು ಬಾಯಿ ಬಿಗಿಹಿಡಿದರೆ ಸಾಕು, ಆಕೆಗೆ ಹೇಳಿಕಳಿಸುತ್ತಿದ್ದರು. ಬಂದವಳೇ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕಾಲು ಚಾಚಿ, ಅವುಗಳ ಮೇಲೆ ಕೂಸನ್ನು ಅಂಗಾತ ಮಲಗಿಸುವಳು. ಅದರ ಕೈಗಳನ್ನು ಒಂದೇ ಅಂಗೈಯಲ್ಲಿ ಅದುಮಿ ಹಿಡಿದು, ಮೂಗು ಮುಚ್ಚಿ, ಒಳಲೆ ಬಟ್ಟಲಿನ ಚೂಪು ಮೂತಿಯಿಂದ ಅಂಬಲಿ ಹೊಯ್ಯುವಳು. ಉಸಿರಿಗೆಂದು ಬಾಯಿ ತೆರೆದ ಕೂಸು ನುಂಗದೆ ಎಲ್ಲಿಗೆ ಹೋದೀತು? ಆ ಮನೆಯವರು ಕೈಮುಗಿದು ಚಹಾ ಕೊಟ್ಟು ಕಳಿಸುತ್ತಿದ್ದರು.

ಪೊಲೀಸರು ಕಳ್ಳನ ಬಾಯಿ ಬಿಡಿಸುವುದಕ್ಕೂ ಇದಕ್ಕೂ ಏನು ಫರಕು ಎಂದು ನಾನೊಮ್ಮೆ ಕೇಳಿದ್ದೆ. ಎದುರು ಮನೆಯವನಾದ್ದರಿಂದ ಅಷ್ಟು ಸಲಿಗೆಯಿತ್ತು. “ನಿಮಗೇನ ಗೊತ್ರಿ? ಮನಿ ಮಾನ ಎಲ್ಲಾ ಕೂಸಿನ ಗಲ್ಲದ ಮ್ಯಾಲ ಇರತೈತಿ” ಎಂದು ಆಕೆ ನನ್ನ ಬಾಯಿ ಮುಚ್ಚಿಸಿದಳು. ಬಾಯಿ ತೆರೆಸುವುದು, ಮುಚ್ಚಿಸುವುದು ಎರಡೂ ಆಕೆಗೆ ಸಲೀಸು.

ಇಂಥ ರಾಚವ್ವನ ಮನೆಯಲ್ಲೇ ಮೊಮ್ಮಗಳು ಶಿವಾನಿ ವರ್ಷ ದಾಟಿದರೂ ಹಗುರಾಗಿಯೇ ಉಳಿದಳು. ಹಾಲು ಬಾಯಿಗೆ ಬಿದ್ದರೆ ಕೆಮ್ಮು. ಉಂಡಮೇಲೆ ಗಂಟಲಲ್ಲಿ ಗೊರಗೊರ. ತಿಂಗಳು ತಪ್ಪದೆ ಜ್ವರ, ಎದೆಯಲ್ಲಿ ಕಫ. ಅಂಗನವಾಡಿಯಲ್ಲಿ ತೂಗಿದರೆ ಮುಳ್ಳು ಹೋದಸಲ ನಿಂತಲ್ಲೇ ನಿಲ್ಲುತ್ತಿತ್ತು. ಓಣಿಯಲ್ಲಿ ಎಲ್ಲರೂ ಡಾಕ್ಟರರೇ. ದೃಷ್ಟಿಯಾಗಿದೆ ಎಂದು ಒಬ್ಬರು ಹೇಳಿದರು, ಒಣ ಮೆಣಸಿನಕಾಯಿ ನಿವಾಳಿಸಿ ಸುಟ್ಟರು. ಕೂಸಿನ ಜೊತೆಗೆ ಇಡೀ ಮನೆ ಕೆಮ್ಮಿತು. ತಾಯಿಯ ಹಾಲಿನಲ್ಲೇ ಕಸುವಿಲ್ಲ ಎಂದು ಇನ್ನೊಬ್ಬರು ಸೊಸೆ ಮಹಾನಂದಾಳ ಕಡೆ ಬೆರಳು ಮಾಡಿದರು. ಒಳಲೆಯ ಕಡೆ ಮಾತ್ರ ಯಾರ ಬೆರಳೂ ಹೋಗಲಿಲ್ಲ. ರಾಚವ್ವನಂತೂ ಕೂಸಿನದು ಬರೀ ಹಠ ಎಂದು ತೀರ್ಮಾನಿಸಿ, ಹೊಯ್ಯುವುದನ್ನು ಇನ್ನಷ್ಟು ಹೆಚ್ಚು ಮಾಡಿದಳು.

ಆಷಾಢದಲ್ಲಿ ಶಿವಾನಿಗೆ ನ್ಯುಮೋನಿಯಾ ಆಯಿತು. ಉಸಿರಾಡುವಾಗ ಪಕ್ಕೆಲುಬು ಒಳಗೆಳೆದುಕೊಳ್ಳುತ್ತಿದ್ದವು. ಮಹಾನಂದಾ ಅತ್ತೆಯನ್ನು ಕೇಳದೆ ಮಗುವನ್ನು ಎತ್ತಿಕೊಂಡು ಬೈಲಹೊಂಗಲದ ಮಕ್ಕಳ ಡಾಕ್ಟರರಲ್ಲಿಗೆ ಓಡಿದಳು. ಕೂಸು ಉಳಿಯಿತು. ಡಾಕ್ಟರು ಆಕೆಗೆ ಒಂದೇ ಮಾತು ಕೇಳಿದ್ದರು: “ಉಣ್ಣುವಾಗ ಕೆಮ್ಮತಾಳೇನ್ರಿ?” ಹೌದೆಂದ ಕೂಡಲೇ, ಮಕ್ಕಳು ನುಂಗುವುದನ್ನು ಪರೀಕ್ಷೆ ಮಾಡುವವರಿದ್ದಾರೆ, ಬೆಳಗಾವಿಗೆ ಹೋಗಿ ಎಂದರು. ಇನ್ನೊಮ್ಮೆ ಹೀಗಾದರೆ ಕೂಸು ತಡೆಯಲಿಕ್ಕಿಲ್ಲ ಎಂದೂ ಹೇಳಿದರು.

“ನುಂಗೂದಕ್ಕೂ ಡಾಕ್ಟರ್ ಅದಾರ? ಇನ್ನ ಸೀನೂದು ಕಲಿಯಾಕ ಎಲ್ಲಿಗ ಹೋಗೂದವ್ವಾ?” ಎಂದು ರಾಚವ್ವ ಸೆರಗು ಕೊಡವಿದಳು. ಆದರೂ ಗಾಡಿಯಲ್ಲಿ ಮುಂದಿನ ಸೀಟು ಆಕೆಯೇ ಹಿಡಿದಳು. ಗಾಡಿ ನನ್ನದು. ಮಗುವಿನ ಚಿಂತೆಯಿಂದ ಹೊರಟೆ ಎಂದು ಹೇಳಬಹುದು, ಆದರೆ ತಮಾಷೆ ನೋಡುವ ಆಸೆಯೂ ಇತ್ತು.

ಆಸ್ಪತ್ರೆಯಲ್ಲಿ ಪೂನಮ್ ಎಂಬ ತರುಣಿ. ನುಂಗುವುದನ್ನು ನೋಡುವವಳು ಆಕೆಯೇ. “ಮನ್ಯಾಗ ಹೆಂಗ ಉಣಸ್ತೀರಿ, ತೋರಸ್ರಿ ಅಜ್ಜೀ” ಎಂದಳು. ಇಷ್ಟು ದೊಡ್ಡ ಆಸ್ಪತ್ರೆ ತನ್ನಿಂದ ಕಲಿಯಲು ಕಾದಿದೆ ಎಂದುಕೊಂಡ ರಾಚವ್ವ ನೆಲದ ಮೇಲೆ ಕುಳಿತು ಕಾಲು ಚಾಚಿದಳು. ಅಷ್ಟಕ್ಕೇ ಶಿವಾನಿ ಬೆನ್ನು ಸೆಟೆದುಕೊಂಡು ಕಿರುಚಿತು. ಬಾಯಿಗೆ ಇನ್ನೂ ಏನೂ ಹೋಗಿರಲಿಲ್ಲ.

“ಸಾಕ್ರಿ, ನಿಲ್ಲಸ್ರಿ. ಇದು ಹಠ ಅಲ್ರಿ, ಹೆದರಿಕಿ. ಹಿಂಗ ಹೊಯ್ದದ್ದು ಶ್ವಾಸನಾಳಕ್ಕ ಹೋಗತೈತಿ” ಎಂದಳು ಪೂನಮ್.

ರಾಚವ್ವನಿಗೆ ಮೈ ಉರಿಯಿತು. “ಶ್ವಾಸನಾಳಕ್ಕ ಹೋಗತೈತಂತ! ನನಗ ಹಾಕಿ ನೋಡ್ರಿ ಬಾಯಾರ, ಏನಾಗತೈತಿ ನೋಡೋಣು” ಎಂದು ಅಲ್ಲೇ ಬೆಂಚಿನ ಮೇಲೆ ಅಂಗಾತ ಮಲಗಿದಳು. ಪೂನಮ್ ಬೇಡ ಬೇಡ ಎನ್ನುವಷ್ಟರಲ್ಲಿ ಮಹಾನಂದಾ ಎದ್ದೇ ಬಿಟ್ಟಿದ್ದಳು. ಅಷ್ಟು ಉತ್ಸಾಹದಿಂದ ಆಕೆ ಅತ್ತೆಯ ಸೇವೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಮೂಗು ಹಿಡಿದು ಒಂದೇ ಒಂದು ಚಮಚ ನೀರು ಹಾಕಿದಳು. ರಾಚವ್ವ ಎದ್ದು ಕುಳಿತು, ಕಣ್ಣು ಮೂಗಲ್ಲೆಲ್ಲ ನೀರು ಸುರಿಸುತ್ತ, ಸೊಸೆಯ ಕೈ ತಳ್ಳಿ, ಗೋಡೆ ಅದುರುವಂತೆ ಕೆಮ್ಮಿದಳು. ನಾನು ನೆಗಡಿಯ ನೆಪದಲ್ಲಿ ಕರ್ಚೀಪು ಮುಖಕ್ಕೆ ಹಿಡಿದೆ.

ಆಮೇಲೆ ಎಕ್ಸ್‌ರೇ ಯಂತ್ರದ ಮುಂದೆ ಶಿವಾನಿ ನುಂಗುವುದನ್ನು ನೋಡಿದರು. ನೆಟ್ಟಗೆ ಕೂಡಿಸಿ ಕೊಟ್ಟರೂ ತೆಳ್ಳಗಿನದು ಸ್ವಲ್ಪ ದಾರಿ ತಪ್ಪುತ್ತಿತ್ತು, ಗಟ್ಟಿಯಾದದ್ದು ಸರಿಯಾಗಿ ಇಳಿಯುತ್ತಿತ್ತು. ಮಲಗಿಸಿ ಹೊಯ್ಯುವವರು ಆ ಸ್ವಲ್ಪವನ್ನು ಪೂರ್ತಿ ಮಾಡಿದ್ದರು. ಪೂನಮ್ ಮಹಾನಂದಾಳಿಗೆ ಎಲ್ಲ ಕಲಿಸಿದಳು. ಕುಡಿಯುವುದನ್ನು ಎಷ್ಟು ಗಟ್ಟಿ ಮಾಡಬೇಕೆಂದು ಕಲಸಿ ತೋರಿಸಿದಳು. ಕೂಸನ್ನು ನೆಟ್ಟಗೆ ಕೂಡಿಸಿ, ಚಮಚದ ತುದಿಯಷ್ಟು ತುಟಿಯ ಹತ್ತಿರ ಹಿಡಿದು, ಅದೇ ಬಾಯಿ ತೆರೆಯುವವರೆಗೆ ಕಾಯಬೇಕು. ಮುಖ ತಿರುಗಿಸಿದರೆ ಊಟ ಮುಗಿಯಿತು. ಕೈಯಲ್ಲಿ ಕಲಸಿಕೊಂಡರೆ ಕಲಸಿಕೊಳ್ಳಲಿ. ಕಡೆಗೆ ಮೆಲ್ಲಗೆ, “ಸ್ವಲ್ಪ ದಿನ ಅಜ್ಜಿ ಊಟದ ಹೊತ್ತಿಗೆ ಎದುರಿಗಿ ಬರೂದು ಬ್ಯಾಡ್ರಿ” ಎಂದಳು. ಮರಳಿ ಬರುವಾಗ ರಾಚವ್ವ ಮುಂದಿನ ಸೀಟು ಬಿಟ್ಟು ತಾನಾಗೇ ಹಿಂದೆ ಹೋಗಿ ಕೂತಳು. ಮುರಗೋಡದ ಮಟ್ಟಿಗೆ ಅದೊಂದು ದಾಖಲೆ.

ಓಣಿ ಸುಮ್ಮನಿರಲಿಲ್ಲ. “ಕೂಸಿನ ಕೈಯಾಗ ತಾಟ ಕೊಟ್ಟು ನೆಲಕ್ಕ ಉಣಸಾಕ ಹತ್ಯಾಳ ನೋಡ್ರಿ” ಎಂದು ಮಹಾನಂದಾಳನ್ನು ಆಡಿಕೊಂಡು ನಕ್ಕರು. ಆಕೆ ತಲೆ ಕೆಡಿಸಿಕೊಳ್ಳಲಿಲ್ಲ. ಮೊದಮೊದಲು ಶಿವಾನಿ ಬರೀ ಮೂಸಿ ನೋಡಿ ಬಿಡುತ್ತಿತ್ತು, ಆಮೇಲೆ ನೆಕ್ಕಿತು, ದೀಪಾವಳಿಯ ಹೊತ್ತಿಗೆ ತಾನೇ ಚಮಚಕ್ಕೆ ಕೈ ಚಾಚಿತು. ಜ್ವರ ಬರಲಿಲ್ಲ. ಅಂಗನವಾಡಿಯ ಮುಳ್ಳು ಕದಲಿತು.

ಊಟದ ಹೊತ್ತಾದರೆ ರಾಚವ್ವ ಹೊರಗೆ ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದಳು. ಒಂದಿನ ನಾನು ಕೆಣಕಿದೆ: “ಏನ್ರಿ ರಾಚವ್ವಾರ, ನೌಕರಿ ಹೋತಲ್ರಿ?”

ತಿರುಗಿ ಬೈಯುತ್ತಾಳೆ ಎಂದು ಕಾದೆ. ಆಕೆ ಬೈಯಲಿಲ್ಲ.

“ಮುಂಜಾನೆ ಶಿವಾನಿ ತಾನಾಗೇ ಬಂದು ನನ್ನ ತೊಡಿ ಮ್ಯಾಲ ಕುಂತಿದ್ಲರಿ. ಬಳಿ ಎಳೀಕೋಂತ ಆಡಾಕ ಹತ್ತಿದ್ಲು. ಒಳಗ ಅವರವ್ವ ತಾಟ ಇಟ್ಟ ಸಪ್ಪಳ ಆತು. ನನ್ನ ಮಾರಿ ನೋಡಿದಾಕೀನ ಎರಡೂ ಕೈಲೆ ಬಾಯಿ ಮುಚ್ಚಿಕೊಂಡ್ಲು.”

ಅಷ್ಟರಲ್ಲಿ ಶಾಲೆ ಬಿಟ್ಟು ಓಣಿಯ ಮಕ್ಕಳು ಬಂದರು, ಆಕೆಯನ್ನು ಕಂಡು ಆಚೆ ಬದಿಗೆ ಸರಿದು ಗೋಡೆ ಸವರಿಕೊಂಡು ಹೋದರು. ರಾಚವ್ವ ಅವರನ್ನೇ ನೋಡುತ್ತ ಕುಳಿತಳು.

“ಇವರಿಗೆಲ್ಲಾ ನಾನ ಉಣಿಸೇನ್ರಿ” ಎಂದಳು. “ನನ್ನ ಕಂಡ್ರ ಯಾವಾಗೂ ಹಿಂಗ ಆ ಕಡೆ ಹಾಯ್ದು ಹೋಗತಾರ. ಇಷ್ಟ ದಿನಾ ನಾ ಅದನ್ನ ಮರ್ಯಾದಿ ಅಂತ ತಿಳಕೊಂಡಿದ್ದೆ.”