ಲಕ್ಕಿ ಬೇಲಿಯ ಯಲ್ಲಮ್ಮ

ಜೆ.ಪಿ. ನಗರದ ಅಪಾರ್ಟ್‌ಮೆಂಟೊಂದರ ಹಿಂದೆ ಬೆಳಕು ಇನ್ನೂ ಬರಲೋ ಬೇಡವೋ ಎಂದು ಯೋಚಿಸುತ್ತಿದೆ. ಮಂಜಿನಲ್ಲಿ ಒಂದು ಹಳೆಯ ಬೇಲಿ, ಬೇಲಿಯೊಳಗೆ ಎರಡು ಕೈ. ಯಲ್ಲಮ್ಮ ಬೂದುಹಸಿರು ಎಲೆಗಳನ್ನು ಬಿಡಿಸಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಾರೆ. ಅದರ ಘಾಟು ಮೂಗಿಗೆ ಬಡಿದರೆ ಸಾಕು, ಅವರ ಕಣ್ಣು ತಾನಾಗಿ ಮುಚ್ಚುತ್ತದೆ. ಅಪಾರ್ಟ್‌ಮೆಂಟು ಕರಗಿ ರಾಗಿ ಹೊಲ ಬರುತ್ತದೆ. ಹಂಡೆಯಲ್ಲಿ ಲಕ್ಕಿ ಸೊಪ್ಪು ಕುದಿಸಿ ಬಾಣಂತಿಗೆ ನೀರು ಹುಯ್ಯುವ ಅತ್ತೆ ಬರುತ್ತಾರೆ.

“ಒಂದ್ ಗಳಿಗೆ ಅಲ್ಲೇ ಇದ್ದು ಬರ್ತೀನಿ,” ಎಂದು ಯಲ್ಲಮ್ಮ ನಗುತ್ತಾರೆ. “ಬಸ್ ಚಾರ್ಜೂ ಇಲ್ಲ.”

ಈ ಎಲೆ ಹೋಗುವುದು ಜಯನಗರದ ಒಂದು ಪುಟ್ಟ ಪ್ರಯೋಗಾಲಯಕ್ಕೆ. ಕಿತ್ತು, ತೊಳೆದು, ನೆರಳಲ್ಲಿ ಒಣಗಿಸಿ ಕೊಡುವುದು ಯಲ್ಲಮ್ಮನ ಕೆಲಸ. ಊತ ಇಳಿಸುವ ಅಂಶಗಳನ್ನು ಅದರಿಂದ ಬೇರ್ಪಡಿಸುವುದು ಸಂಶೋಧಕಿ ಸೌಮ್ಯಳ ಕೆಲಸ. “ಔಷಧಿ ಆಗೋಕೆ ಇನ್ನೂ ತುಂಬಾ ದೂರ ಇದೆ. ಆದ್ರೆ ಪ್ರತಿ ಸಲ ಇದೇ ಬೇಲಿ ಎಲೆ ಸಿಕ್ರೆ ಮಾತ್ರ ಹೋದ್ವರ್ಷದ್ದಕ್ಕೆ ಹೋಲಿಸ್ಬಹುದು,” ಎನ್ನುತ್ತಾಳೆ ಸೌಮ್ಯ. ಸಂಜೆಗೆ ಊದಿಕೊಳ್ಳುವ ತಮ್ಮ ಬೆರಳುಗಳನ್ನು ಯಲ್ಲಮ್ಮ ಅದೇ ಸೊಪ್ಪಿನ ಬಿಸಿನೀರಲ್ಲಿ ಅದ್ದಿಕೊಳ್ಳುತ್ತಾರೆ.

ಅಂಥ ಬೇಲಿಯನ್ನೇ ಕಡಿದು ಗೋಡೆ ಕಟ್ಟಲು ಅಪಾರ್ಟ್‌ಮೆಂಟಿನವರು ಹೊರಟಿದ್ದರು. ನೋಡಲು ಬಂದ ಕಾರ್ಯದರ್ಶಿ ಕಲ್ಯಾಣಿ, “ಏನ್ ಗಿಡ ಇದು?” ಎಂದರು.

“ಲಕ್ಕಿ, ಮೇಡಂ.”

“ಓ, ಲಕ್ಕಿ ಪ್ಲಾಂಟಾ! ಹಾಗಾದ್ರೆ ಕಡಿಯೋದು ಬೇಡಪ್ಪ.”

ಇಂಗ್ಲಿಷಿನ ಅದೃಷ್ಟ ಕನ್ನಡದ ಗಿಡವನ್ನು ಕಾಪಾಡಿತು. ಯಲ್ಲಮ್ಮ ತಿದ್ದಲು ಹೋಗಲಿಲ್ಲ. “ಸುಳ್ಳೇನ್ ಹೇಳ್ಲಿಲ್ಲ, ಇರೋ ಹೆಸ್ರು ಹೇಳ್ದೆ ಅಷ್ಟೆ.” ಆದರೂ ಕುಂಬಳಕಾಯಿ ಕಳ್ಳನಂತೆ ಆಗಾಗ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಸುದ್ದಿ ಹಬ್ಬಿ, ಪರೀಕ್ಷೆಗೆಂದು, ಹೊಸ ಕಾರಿಗೆಂದು ಜನ ಬಂದು ಅದೃಷ್ಟಕ್ಕೆ ರೆಂಬೆ ಮುರಿಯತೊಡಗಿದರು.

ಒಂದು ದಿನ ಕಲ್ಯಾಣಿಯೇ ರೆಂಬೆಗೆ ಕೈ ಹಾಕಿದರು. ಯಲ್ಲಮ್ಮನಿಗೆ ತಡೆಯಲಾಗಲಿಲ್ಲ. “ಮೇಡಂ, ಲಕ್ಕಿ ಅಂದ್ರೆ ಲಕ್ಕಲ್ಲ. ಊತಕ್ಕೆ ಹಾಕೋ ಸೊಪ್ಪು. ಆವತ್ತೇ ಹೇಳ್ಬೇಕಿತ್ತು, ಕಡಿದ್ಬಿಡ್ತೀರಾ ಅಂತ ಹೆದ್ರಿದ್ದೆ.”

ಕಲ್ಯಾಣಿ ರೆಂಬೆ ಬಿಟ್ಟು ಹೊರಟುಹೋದರು. ಮನೆಗೆ ಹೋದರೂ ಯಲ್ಲಮ್ಮನ ಕಿವಿಯಲ್ಲಿ ಮಚ್ಚಿನ ಸದ್ದೇ.

ಮರುದಿನ ಮಂಜಿನಲ್ಲಿ ಬಂದದ್ದು ಮಚ್ಚಲ್ಲ, ಕಲ್ಯಾಣಿಯ ಕೈ ಹಿಡಿದ ಅವರ ತಾಯಿ. ಆ ಹಿರಿಯಾಕೆ ಒಂದು ಎಲೆ ಹೊಸಕಿ ಮೂಗಿಗೆ ಹಿಡಿದರು. ಕಣ್ಣು ತಾನಾಗಿ ಮುಚ್ಚಿತು. “ಕಲ್ಯಾಣಿ, ನೀನು ಹುಟ್ಟಿದಾಗ ನಂಗೆ ಹುಯ್ದಿದ್ದು ಇದೇ ಸೊಪ್ಪಿನ ನೀರು ಕಣೇ,” ಎಂದರು. ಅವರು ಎಲ್ಲಿಗೆ ಹೋಗಿದ್ದಾರೆಂದು ಯಲ್ಲಮ್ಮನಿಗೆ ಗೊತ್ತಿತ್ತು.

ಗೋಡೆ ಈಗ ಬೇಲಿಯನ್ನು ಬಿಟ್ಟು, ಒಂದು ಮಾರು ಒಳಗೆ ಏಳುತ್ತಿದೆ. ಯಲ್ಲಮ್ಮ ಮಡಿಲಿನ ಸೊಪ್ಪನ್ನು ಚೀಲಕ್ಕೆ ಸುರಿದು, ಬೇಲಿಯ ಒದ್ದೆಯಾದ ಬುಡವನ್ನು ತೋರಿಸುತ್ತಾರೆ.

“ಲಕ್ಕು ಅಂತಿದ್ದಾಗ ಬಂದೋರೆಲ್ಲ ರೆಂಬೆ ಮುರಿಯೋರು. ಬರೀ ಗಿಡ ಅಂತ ಗೊತ್ತಾದ್ಮೇಲೆ ಅವ್ರೇ ನೀರು ಹಾಕ್ತಾವ್ರೆ, ನೋಡಿ.”